ನಡುಗಡಲಲ್ಲಿ ನಿಂತ ದೋಣಿ

ಹಬ್ಬ ಹತ್ತಿರ ಬಂದಾಗಲೇ ಕಂಪ್ಯೂಟರು ಕೈ ಕೊಡುತ್ತದೆ. ನಮ್ಮ ಸವಾಯಿ ದ್ವೀಪದ ಲೂಪೆಯ ಮನೆಯಲ್ಲೂ ಹಾಗೇ ಆಯಿತು.

ಅಕ್ಟೋಬರಿನ ಬಿಳಿ ಭಾನುವಾರ ನಮ್ಮಲ್ಲಿ ಮಕ್ಕಳದೇ ದರ್ಬಾರು. ಬಿಳಿ ಬಟ್ಟೆ ತೊಟ್ಟು ಚರ್ಚಿನಲ್ಲಿ ನಾಟಕ ಆಡುತ್ತಾರೆ, ಊಟಕ್ಕೂ ಅವರೇ ಮೊದಲು ಕೂರುತ್ತಾರೆ. ಈ ಸಲದ ನಾಟಕ ಲೂಪೆಯದು. ಬಿರುಗಾಳಿಗೆ ಸಿಕ್ಕ ಮೀನುಗಾರನ ಪಾತ್ರ ಅವಳ ಮಗಳು ಫೆತುಗೆ. ಶುಕ್ರವಾರ ಲೂಪೆ ಕೊನೆಯ ದೃಶ್ಯ ಬರೆಯಲು ಕೂತರೆ ಒಂದಕ್ಷರವೂ ಮೂಡಲಿಲ್ಲ. 'ಈ ಬರವಣಿಗೆ ತಂತ್ರಾಂಶದ ಉಚಿತ ಅವಧಿ ಮುಗಿದಿದೆ, ಹಣ ಕಟ್ಟಿ' ಎಂದಿತು ಪರದೆ.

"ದೋಣಿ ಇನ್ನೂ ನಡುಗಡಲಲ್ಲೇ ಇದೆ, ನನ್ನ ಮಗು ದಡ ಸೇರೋದು ಹೇಗೆ?" ಎಂದು ಲೂಪೆ ಅತ್ತೇಬಿಟ್ಟಳು. ಪಾಪ, ತಿಂಗಳಿಡೀ ಬರೆದಿದ್ದಳು.

ಗಂಡ ಸೆಫೊ ಸಮಾಧಾನ ಮಾಡಿದ. "ಅಳಬೇಡ್ವೇ. ಸಂತೇಲಿ ನನ್ನ ದೋಸ್ತ ಅದರದೇ ಕದ್ದ ಪ್ರತಿ ಹಾಕ್ಕೊಡ್ತಾನೆ."

"ಚರ್ಚಿನ ನಾಟಕಕ್ಕೆ ಕದ್ದ ಮಾಲಾ? ಪಾದ್ರಿಗೆ ನೀನೇ ಹೇಳು!"

ಅಷ್ಟರಲ್ಲಿ ಸೆಫೊನ ಅಕ್ಕ ತಿರೇಸಾ ಬಂದಳು. ಮಹಿಳಾ ಸಮಿತಿಯ ಕಾಗದಪತ್ರ ನೋಡುವವಳು ಅವಳೇ.

"ಕದ್ದದ್ದರ ಜೊತೆ ವೈರಸ್ಸೂ ಬರುತ್ತೆ ಕಣೋ. ಲಿಬ್ರೆಆಫೀಸ್ ಅನ್ನೋ ತಂತ್ರಾಂಶ ಹಾಕ್ಕೊಳ್ಳಿ. ಪತ್ರ, ಲೆಕ್ಕ ಎಲ್ಲಾ ನಾನು ಅದರಲ್ಲೇ ಮಾಡೋದು. ಒಂದು ತಾಲಾ ದುಡ್ಡೂ ಕೊಡಬೇಕಾಗಿಲ್ಲ."

"ಬಿಟ್ಟಿ ಕೊಡೋಕೆ ಅವರಿಗೇನು ತಲೆ ಕೆಟ್ಟಿದೆಯಾ ಅಕ್ಕಾ? ಮುಂದಿನ ತಿಂಗಳು ಇದೂ ಕೈ ಚಾಚುತ್ತೆ, ನೋಡ್ತಿರು."

"ಭಾನುವಾರದ ಕಲ್ಲೊಲೆ ಅಡುಗೆಗೆ ನೀನು ಜೀಗುಜ್ಜೆ ತರ್ತೀಯ, ನಾನು ತೆಂಗಿನಹಾಲು ತರ್ತೀನಿ. ಉಂಡವರಿಗೆ ಬಿಲ್ ಹಾಕ್ತೀವಾ? ಇದನ್ನೂ ಲೋಕದ ಎಷ್ಟೋ ಜನ ಹಾಗೇ ಕೂಡಿ ಮಾಡಿದಾರೆ. ಇದಕ್ಕೆ ಅವಧಿ ಇಲ್ಲ, ಬೀಗ ಇಲ್ಲ. ಒಮ್ಮೆ ಹಾಕ್ಕೊಂಡ್ರೆ ಇಂಟರ್ನೆಟ್ಟೂ ಬೇಡ."

ಸೆಫೊ ಕಂಪ್ಯೂಟರನ್ನು ಅಕ್ಕನ ಕಡೆ ತಿರುಗಿಸಿದ.

ತಿರೇಸಾ ಅದನ್ನು ಅದರದೇ ಜಾಲತಾಣದಿಂದ ಇಳಿಸಿ ಹಾಕಿಕೊಟ್ಟಳು. ನಾಟಕದ ಹಳೆಯ ಫೈಲು ಅದರಲ್ಲೇ ತೆರೆದುಕೊಂಡಿತು. ಸಾಲುಗಳು ಮಾತ್ರ ಅಲ್ಲಲ್ಲಿ ಸರಿದಿದ್ದವು.

"ನಾಟಕದ ಪಾದ್ರಿಯ ಮಾತು ಮೀನಿನ ಬಾಯಿಗೆ ಬಂದಿದೆಯಲ್ಲೇ!" ಎಂದು ಸೆಫೊ ಬಿದ್ದು ಬಿದ್ದು ನಕ್ಕ. ಲೂಪೆಯೂ ಕಣ್ಣೊರೆಸಿಕೊಂಡು ನಕ್ಕಳು. ಸಾಲು ಸರಿಪಡಿಸಿ, ಕೊನೆಯ ದೃಶ್ಯ ಬರೆದು ಮುಗಿಸಿದಳು.

ಭಾನುವಾರ ಫೆತು ದಡಕ್ಕೆ ಜಿಗಿದಾಗ ಚರ್ಚಿಗೆ ಚರ್ಚೇ ಚಪ್ಪಾಳೆ ತಟ್ಟಿತು. ಊಟಕ್ಕೆ ಕೂತ ಮಗಳಿಗೆ ಸೆಫೊನೇ ಬಡಿಸಿದ. ಈಗ ಸಂತೆಯ ದೋಸ್ತನಿಗೂ ಅವನದೇ ಉಪದೇಶ!

ನಿಮ್ಮ ಮನೆಯಲ್ಲೂ ಯಾವುದೋ ಪತ್ರ, ಯಾವುದೋ ಹಾಡು ಹೀಗೆ ನಡುಗಡಲಲ್ಲಿ ನಿಂತಿದೆಯೇ? ಕದ್ದದ್ದಕ್ಕೆ ಕೈ ಹಾಕಬೇಡಿ, ಸಾಲವನ್ನೂ ಮಾಡಬೇಡಿ. ಉಚಿತ ತಂತ್ರಾಂಶವನ್ನು ಅದರದೇ ಜಾಲತಾಣದಿಂದ ಇಳಿಸಿಕೊಳ್ಳಿ, ಪಕ್ಕದ ಮನೆಯವರಿಗೂ ಹಾಕಿಕೊಡಿ. ಎಲ್ಲರೂ ಕೂಡಿ ಮಾಡಿದ ಅಡುಗೆಯಲ್ಲಿ ನಿಮ್ಮ ಪಾಲೂ ಇದೆ, ಬನ್ನಿ.