ನಾಕ್ಸ್‌ವಿಲ್‌ಗೆ ಒಂದೇ ಬಸ್ಸು

ಜೈಲಿನ ಅಧಿಕಾರಿ ವ್ಯಾನಿನ ಕೀಲಿ ಕೊಟ್ಟ. ವೆಂಡೆಲ್ ಕುಬಿಯಾಕ್‌ಗೆ ನಿಯಮಗಳೆಲ್ಲ ಬಾಯಿಪಾಠ: ನೇರವಾಗಿ ಬಸ್ ನಿಲ್ದಾಣ, ನೇರವಾಗಿ ವಾಪಸು; ನಿಲ್ದಾಣದಲ್ಲಿ ಸೀಟು ಬಿಟ್ಟು ಇಳಿದರೆ ಓಡಿಹೋದಂತೆಯೇ; ನಾಲ್ಕು ಗಂಟೆಯ ತಲೆಯೆಣಿಕೆಗೆ ತನ್ನ ಮಂಚದ ಪಕ್ಕ ನಿಂತಿರಬೇಕು. ಬೇಲಿಯಿಲ್ಲದ ಜೈಲಿನ ಕೈದಿ ಅವನು. ಬಿಡುಗಡೆಯಾದವರನ್ನು ಬೆಟ್ಟದಿಂದಿಳಿಸಿ ಬಸ್ಸಿಗೆ ಬಿಟ್ಟು, ಆಮೇಲೆ ತನ್ನನ್ನು ತಾನೇ ಜೈಲಿಗೆ ಕರೆತಂದುಕೊಳ್ಳುವುದು ಅವನ ಕೆಲಸ. ಒಂದು ಕಾಲದಲ್ಲಿ ಪ್ರಯೋಗಾಲಯ ನಡೆಸುತ್ತಿದ್ದವನು, ಮಾಡದ ಪರೀಕ್ಷೆಯ ವರದಿಗೆ ಸಹಿ ಹಾಕಿ ಇಲ್ಲಿಗೆ ಬಂದಿದ್ದ.

ಇಂದು ಹೊರಟವನು ಆರ್ವಲ್ ಸ್ಟಿಡಮ್. ಅರವತ್ತಾರು ವರ್ಷ, ಅದರಲ್ಲಿ ಹನ್ನೊಂದು ಒಳಗೇ ಕಳೆದಿದ್ದವು. ಸಂಜೆ ಏಳರೊಳಗೆ ನಾಕ್ಸ್‌ವಿಲ್‌ನಲ್ಲಿ ಬಿಡುಗಡೆಯಾದವರ ವಸತಿಗೃಹದಲ್ಲಿ ಹಾಜರಾಗಬೇಕು, ತಪ್ಪಿದರೆ ಮತ್ತೆ ಕಂಬಿಯ ಹಿಂದೆ. ಅಲ್ಲಿಗೆ ದಿನಕ್ಕೆ ಒಂದೇ ಬಸ್ಸು, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ.

“ಏನ್ ಪ್ರೊಫೆಸರ್, ಹೆಣ ಸಾಗಿಸೋ ಹಂಗೆ ಓಡಿಸ್ತಿದೀಯಲ್ಲ!” ಪಕ್ಕದ ಸೀಟಿನಿಂದ ಆರ್ವಲ್, ಜೈಲಿನಲ್ಲಿ ವೆಂಡೆಲ್‌ಗೆ ಬಿದ್ದಿದ್ದ ಹೆಸರಿನಿಂದಲೇ ಕರೆದು ಛೇಡಿಸಿದ.

“ಜೋರಾಗಿ ಹೋಗಿ ಪೊಲೀಸ್ ಹಿಡಿದ್ರೆ ನಿಮಗೇನು ತಾತ, ಇಳ್ಕೊಂಡು ನಡೀತೀರಿ. ಸಿಗಾಕ್ಕೊಳ್ಳೋನು ನಾನು. ಟಿಕೆಟ್ ಇದೆ ತಾನೆ?”

“ಇದೆ ಮಾರಾಯ. ಏಳು ಸಲ ಮುಟ್ಟಿ ನೋಡ್ಕೊಂಡೆ.”

ನಿಲ್ದಾಣದ ಎದುರು ವ್ಯಾನ್ ನಿಂತಾಗ ಮುದುಕ ರಟ್ಟಿನ ಪೆಟ್ಟಿಗೆ ಹಿಡಿದು ಇಳಿದ. ರಸ್ತೆ ದಾಟಿ ನಿಲ್ದಾಣದ ಗೋಡೆಗೆ ಬೆನ್ನು ಕೊಟ್ಟು ನಿಂತ. ಬಸ್ಸು ಬಂತು. ಒಬ್ಬ ಸೈನಿಕ ಹತ್ತಿದ, ಇಬ್ಬರು ಹೆಂಗಸರು ಹತ್ತಿದರು. ಮುದುಕ ಅಲುಗಲಿಲ್ಲ.

ಗಂಟೆ ಎರಡು ದಾಟಿ ಎಂಟು ನಿಮಿಷ. ವೆಂಡೆಲ್ ಗಮನವಿಟ್ಟು ನೋಡಿದ. ನೆಟ್ಟಗಿನ ಬೆನ್ನು, ಪಾದಗಳ ನಡುವೆ ಪೆಟ್ಟಿಗೆ, ಕಣ್ಣು ಬಸ್ ಚಾಲಕನ ಬಾಯಿಯ ಮೇಲೆ. ಆಗ ಹೊಳೆಯಿತು: ಮುದುಕ ತನ್ನ ಹೆಸರು ಕೂಗಲಿ ಎಂದು ಕಾಯುತ್ತಿದ್ದಾನೆ! ಹನ್ನೊಂದು ವರ್ಷ ಕಾಗದಕ್ಕೆ, ಔಷಧಿಗೆ, ನೋಡಲು ಬಂದವರಿಗೆ, ಎಲ್ಲಕ್ಕೂ ಹೆಸರು ಕೂಗಿದ ಮೇಲೆಯೇ ಹೆಜ್ಜೆ. ಕೂಗುವ ಮೊದಲೇ ಹೊರಟವನಿಗೆ ಶಿಕ್ಷೆ.

ವೆಂಡೆಲ್‌ನ ಕೈ ಬಾಗಿಲ ಹಿಡಿಗೆ ಹೋಯಿತು. ನಲವತ್ತು ಹೆಜ್ಜೆ, ಅಷ್ಟೇ, ಯಾರೂ ನೋಡುವುದಿಲ್ಲ. ಆ ವರದಿಗೆ ಸಹಿ ಹಾಕಿದ ದಿನವೂ ಹೀಗೇ ಅಂದುಕೊಂಡಿದ್ದ. ಕೈ ತೆಗೆದು ಕಿಟಕಿಯ ಗಾಜು ಇಳಿಸಿ, ಬೆಳಗಿನ ಪಾಳಿಯ ಅಧಿಕಾರಿಯ ದನಿಯನ್ನು ಹೊಟ್ಟೆಯಿಂದ ತೆಗೆದ.

“ಸ್ಟಿಡಮ್! ಸಾಮಾನ್ ಎತ್ಕೋ! ನಡಿ!”

ನಿಲ್ದಾಣವೆಲ್ಲ ತಿರುಗಿ ನೋಡಿತು. ಮುದುಕ ತಟ್ಟನೆ ಪೆಟ್ಟಿಗೆ ಎತ್ತಿಕೊಂಡು ಮೂರು ಹೆಜ್ಜೆ ಇಟ್ಟ. ಆಮೇಲೆ ನಿಂತು, ನಿಧಾನವಾಗಿ ತಿರುಗಿದ.

“ಯಾವನೋ ಅವ್ನು? ಜೈಲಂಗಿ ಹಾಕ್ಕೊಂಡು ನನಗೇ ಹುಕುಂ ಮಾಡ್ತೀಯಾ?”

“ಬಸ್ ಹೊರಡ್ತಿದೆ ತಾತ!”

“ನಂಗೂ ಕಣ್ಣಿದೆ! ನಾನು ಹೋಗ್ಬೇಕು ಅಂದಾಗ ಹೋಗ್ತೀನಿ!”

ಬಸ್ ಚಾಲಕ ಬಾಗಿಲು ಮುಚ್ಚಲು ಕೈ ಚಾಚಿದ. ಮುದುಕ ಪೆಟ್ಟಿಗೆ ಕೆಳಗಿಟ್ಟ, ಟೊಪ್ಪಿ ತೆಗೆದು ಕೂದಲು ನೇವರಿಸಿಕೊಂಡ, ಮತ್ತೆ ಟೊಪ್ಪಿ ಹಾಕಿದ. ಚಾಲಕನಿಗೆ ಗಟ್ಟಿಯಾಗಿ ಹೇಳಿದ:

“ಸ್ವಲ್ಪ ತಡಿಯಪ್ಪಾ. ನಾನು ಹತ್ಬೇಕು.”

ಚಾಲಕ ತಡೆದ.

ಕಿಟಕಿಗಳ ಸಾಲಿನಲ್ಲಿ ಮುದುಕ ನಡೆದುಹೋಗುವುದು ಕಾಣಿಸುತ್ತಿತ್ತು. ಒಂದು ಸೀಟಿನಲ್ಲಿ ಕೂತ. ಹಿಡಿಸಲಿಲ್ಲವೋ ಏನೋ, ಎದ್ದು ಬಿಸಿಲಿರುವ ಕಡೆ ಹೋದ. ಅವನು ಮನಸ್ಸಿಗೆ ಬಂದಂತೆ ಕೂರುವಷ್ಟರಲ್ಲಿ ನಾಕ್ಸ್‌ವಿಲ್ ಬಸ್ಸು ನಾಲ್ಕು ನಿಮಿಷ ತಡವಾಗಿ ಹೊರಟಿತು.