ಬಾಲ ಹಿಡಿದವಳು

ಅಂಟು ಸರಿ ಇರಲಿಲ್ಲವಂತೆ! ನಲವತ್ತು ವರ್ಷ ಕುರ್ಚಿ, ಮಂಚ, ಮೇಜು ಮಾಡಿದ ಮನುಷ್ಯನ ಅಂಟು ಸರಿ ಇರಲಿಲ್ಲವೆಂದು ಊರೆಲ್ಲ ಹೇಳಿಕೊಂಡು ತಿರುಗಿದವನು ಯಾರು? ಒಂದು ಮೊಳೆಯನ್ನು ನೆಟ್ಟಗೆ ಹೊಡೆಯಲು ಬಾರದ ಅಳಿಯ. ಆ ಮಾತು ನೆನಪಾದಾಗಲೆಲ್ಲ ಪುಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು. ನೆನಪಾಗದ ದಿನವೇ ಇರಲಿಲ್ಲ.

ಪುಟ್ಟಿ ಎಂದರೆ ಸಣ್ಣ ಹುಡುಗಿಯಲ್ಲ, ನಲವತ್ತೆರಡು ದಾಟಿದ ಹೆಂಗಸು. ಅಪ್ಪ ಕರೆದ ಹೆಸರು ಹಾಗೇ ಉಳಿದುಬಿಟ್ಟಿತ್ತು. ಕಟ್ಟುಹಲ್ಲು ಮಾಡುವುದು ಅವಳ ಕಸುಬು. ಹಲ್ಲಿನ ಡಾಕ್ಟರುಗಳು ಅಚ್ಚು ತೆಗೆದು ಕಳಿಸುತ್ತಿದ್ದರು, ಇವಳು ತನ್ನ ಸಣ್ಣ ಕೋಣೆಯಲ್ಲಿ ದೀಪದ ಕೆಳಗೆ ಕೂತು ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ಕಳಿಸುತ್ತಿದ್ದಳು. ಅವಳು ಮಾಡಿದ ಸೆಟ್ಟು ಹಾಕಿಕೊಂಡವರು ಕಬ್ಬು ಕಚ್ಚುತ್ತಾರೆಂದು ಡಾಕ್ಟರುಗಳೇ ಹೇಳುತ್ತಿದ್ದರು. ಆ ಕೈ ಅಪ್ಪನಿಂದ ಬಂದದ್ದು.

ಅಪ್ಪ ಕೆಲಸ ಬಿಟ್ಟ ಮೇಲೆ ಸುಮ್ಮನೆ ಕೂರಲಾರದೆ, ಎಂಟು ತಿಂಗಳು ಕೂತು, ಹಗುರ ಮರದಿಂದ ಒಂದು ವಿಮಾನ ಮಾಡಿದ್ದ. ರಿಮೋಟಿನಿಂದ ಹಾರಿಸುವಂಥದ್ದು. ಆದರೆ ಹಾರಿಸಲು ಅವನ ಕೈ ನಡುಗುತ್ತಿತ್ತು. ಅದಕ್ಕೇ ಭಾವ ಮುಂದೆ ಬಂದ. ಅಕ್ಕನ ಗಂಡ. ಡ್ರೈವಿಂಗ್ ಸ್ಕೂಲ್ ನಡೆಸುವವನು. ಊರ ಹೊರಗಿನ ಬಯಲಿನಲ್ಲಿ ವಿಮಾನ ಹಾರಿಸುವವರ ಸಂಘಕ್ಕೆ ಅಧ್ಯಕ್ಷ, ಎಲ್ಲರ ಬಾಯಲ್ಲೂ 'ಕ್ಯಾಪ್ಟನ್'. ದಿನವಿಡೀ ಬೇರೆಯವರಿಗೆ 'ಕನ್ನಡಿ ನೋಡಿ, ಕನ್ನಡಿ ನೋಡಿ' ಎಂದು ಬೈಯುವವನು ತಾನು ಮಾತ್ರ ಯಾವತ್ತೂ ಯಾವುದನ್ನೂ ನೋಡಿದವನಲ್ಲ.

ಅಪ್ಪನ ವಿಮಾನ ಮೇಲೆದ್ದು ಇಪ್ಪತ್ತು ಎಣಿಸುವುದರೊಳಗೆ ಎಡಕ್ಕೆ ವಾಲಿ, ಇನ್ನೂ ವಾಲಿ, ಮೂತಿ ಕೆಳಗೆ ಮಾಡಿ ನೆಲಕ್ಕೆ ಬಿತ್ತಂತೆ. ಅಪ್ಪ ಮಡಚುವ ಕುರ್ಚಿಯಿಂದ ಏಳುವ ಮೊದಲೇ ಭಾವ ಸಾರಿಬಿಟ್ಟಿದ್ದ: "ಮಾವ, ನಿಮ್ಮ ಅಂಟು ಕೈ ಕೊಡ್ತು ನೋಡಿ!" ಪುಟ್ಟಿ ಆ ದಿನ ಕೆಲಸದ ಕೋಣೆಯಲ್ಲಿದ್ದಳು. ಸಂಜೆಯೊಳಗೆ ಐದು ಜನರ ಬಾಯಿಂದ ಅದೇ ಮಾತು ಕೇಳಿದಳು. ಓಡಿಹೋಗಿ ಅಪ್ಪನನ್ನು ಕೇಳಿದರೆ ಅಪ್ಪ ಕಿಟಕಿಯ ಕಡೆ ಮುಖ ಮಾಡಿ, "ಹೋಗ್ಲಿ ಬಿಡು ಪುಟ್ಟಿ. ಅಂಟೇ ಇರ್ಬೇಕು" ಎಂದ. ನಾಲ್ಕು ತಿಂಗಳಲ್ಲಿ ತೀರಿಕೊಂಡ. ಮಾತಾಡಿಸಲು ಬಂದವರು ಕೂಡ, "ಪಾಪ, ಕೊನೆಕೊನೆಗೆ ಕೈ ಹಿಡಿತ ತಪ್ಪಿತ್ತು" ಎಂದು ಲೊಚಗುಟ್ಟಿ ಹೋದರು.

ಪುಟ್ಟಿ ಆ ವಿಮಾನದ ಮೂತಿಯ ಹಲಗೆಯನ್ನು ಎತ್ತಿಟ್ಟುಕೊಂಡಿದ್ದಳು. ಎಂಜಿನ್ ಕೂರಿಸುವ ಹಲಗೆ ಅದು, ಅಂಗೈಯಷ್ಟಗಲ. ಹಲ್ಲು ನೋಡುವ ಭೂತಗನ್ನಡಿಯ ಕೆಳಗೆ ಹಿಡಿದು ನೋಡಿದಳು. ಅಂಟಿನ ಗೆರೆ ಗೆರೆಯಂತೆಯೇ ಇತ್ತು. ಹರಿದದ್ದು ಪಕ್ಕದ ಮರ. ಅಂಟು ಬಿಟ್ಟಿದ್ದರೆ ಮರ ಹರಿಯುವುದು ಹೇಗೆ? ಬಿದ್ದದ್ದಕ್ಕೆ ಮುರಿಯಿತೇ ಹೊರತು ಮುರಿದದ್ದಕ್ಕೆ ಬೀಳಲಿಲ್ಲ.

ಮತ್ತೇಕೆ ಬಿತ್ತು? ಸಂಘದ ಹಳೆಯ ಸದಸ್ಯ ಪೋಸ್ಟ್‌ಮ್ಯಾನ್ ಒಂದು ದಿನ ಕಾಗದ ಕೊಡಲು ಬಂದವನು ಬಾಯಿಬಿಟ್ಟ. "ನಾನು ಬಯಲಿನ ಆ ತುದೀಲಿದ್ದೆ. ನಿಮ್ಮ ಭಾವ ಬಲಕ್ಕೆ, ಬಲಕ್ಕೆ ಅಂತ ಕಿರುಚ್ಕೊಂಡು ರಿಮೋಟಿನ ಕಡ್ಡಿ ತಿರುಗಿಸ್ತಾ ಇದ್ರು. ವಿಮಾನ ಎಡಕ್ಕೇ ಹೋಗ್ತಾ ಇತ್ತು. ಮುಂಚೆ ಎಲ್ಲ ಹಾರಿಸೋ ಮುನ್ನ ಬಾಲ ಹಿಡಿದೋರು ರೆಕ್ಕೆ ನೋಡಿ 'ಬಲ ಸರಿ, ಎಡ ಸರಿ' ಅಂತ ಕೂಗ್ಬೇಕಿತ್ತು ಕಣಮ್ಮ. ಕ್ಯಾಪ್ಟನ್ ಬಂದ್ಮೇಲೆ ಅದನ್ನ ನಿಲ್ಲಿಸಿಬಿಟ್ರು. ಕಾಲಹರಣ ಅಂತೆ."

ಪುಟ್ಟಿಗೆ ಅಷ್ಟು ಸಾಕಾಯಿತು. ಭಾವನ ರಿಮೋಟು ಒಂದೇ, ವಿಮಾನ ಹಲವು. ಪ್ರತಿ ವಿಮಾನಕ್ಕೂ ಅದರಲ್ಲಿ ಒಂದು ನಂಬರು. ಒಂದರದ್ದು ನೆಟ್ಟಗಿದ್ದರೆ ಇನ್ನೊಂದರದ್ದು ತಿರುಗುಮುರುಗು, ನಂಬರು ತಪ್ಪಿದರೆ ಬಲವೆಂದರೆ ಎಡಕ್ಕೆ ಹೋಗುತ್ತದೆ. ಅವತ್ತು ಮೊದಲು ತನ್ನ ಹಳದಿ ವಿಮಾನ ಹಾರಿಸಿ, ನಂಬರು ಬದಲಾಯಿಸದೆ ಅಪ್ಪನದ್ದನ್ನು ಎತ್ತಿದ್ದ, ಬೇರೇನೂ ಅಲ್ಲ! ಅವಳು ಇನ್ನೊಂದು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ. ಹೊಟ್ಟೆ ತುಂಬ ಬೆಂಕಿ ಇಟ್ಟುಕೊಂಡವರಿಗೆ ಪ್ರಶ್ನೆ ಕೇಳುವ ವ್ಯವಧಾನ ಎಲ್ಲಿರುತ್ತದೆ?

ಹೀಗಿರುವಾಗ ಭಾವನೇ ದೊಡ್ಡ ರಟ್ಟಿನ ಡಬ್ಬ ಹೊತ್ತುಕೊಂಡು ಅವಳ ಕೋಣೆಗೆ ಬಂದ. ಹಿಂದೆ ಅಕ್ಕ. ಡಬ್ಬದೊಳಗೆ ಅರ್ಧ ತಯಾರಾದ ಕೆಂಪು ವಿಮಾನ. ಮೈ, ರೆಕ್ಕೆ, ಬಾಲ ಎಲ್ಲ ಕಾರ್ಖಾನೆಯಲ್ಲೇ ಮಾಡಿ ಬಣ್ಣದ ಹಾಳೆ ಹೊದಿಸಿದ್ದರು. ಜೋಡಿಸುವುದು, ಎಂಜಿನ್ ಕೂರಿಸುವುದು ಕೊಂಡವರ ಪಾಲು.

"ಸಂಘದ ವಾರ್ಷಿಕ ದಿನ ಇದನ್ನ ಎಲ್ಲರ ಮುಂದೆ ಹಾರಿಸ್ಬೇಕು. ನಂಗೆ ಪುರುಸೊತ್ತಿಲ್ಲ. ಹಲ್ಲು ಜೋಡಿಸೋಳಿಗೆ ಇದೇನು ಮಹಾ, ಅಲ್ವೇನಮ್ಮ?" ಎಂದು ಮೀಸೆಯಡಿಯಲ್ಲೇ ನಕ್ಕ. "ಅಂಟು ಮಾತ್ರ ಸರಿಯಾಗಿ ಹಾಕು. ನಿಮ್ಮಪ್ಪನ ತರ ಬೇಡ."

ಅಕ್ಕ ತಲೆ ತಗ್ಗಿಸಿದಳು. "ಆಗಲ್ಲ ಅನ್ನೇ ಪುಟ್ಟಿ" ಎಂದಳು, ಅವನಿಗೆ ಕೇಳಿಸದಷ್ಟು ಮೆತ್ತಗೆ.

"ಅಯ್ಯೋ, ಅದಕ್ಕೇನಂತೆ! ಬಿಟ್ಟು ಹೋಗಿ ಭಾವ" ಎಂದಳು ಪುಟ್ಟಿ. ಹಲ್ಲು ಕಡಿದುಕೊಂಡೇ ನಗುವುದು ಅವಳಿಗೆ ಅಭ್ಯಾಸವಾಗಿತ್ತು.

ಅವರು ಹೋದ ಮೇಲೆ ಕೆಂಪು ವಿಮಾನದ ಮೂತಿಯ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಅಲ್ಲಾಡಿತು! ಕಾರ್ಖಾನೆಯವರು ನಾಲ್ಕು ಮೂಲೆಗೆ ನಾಲ್ಕು ಹನಿ ಅಂಟು ಕಣ್ಣೊರೆಸಿದಂತೆ ಒರೆಸಿ ಕಳಿಸಿದ್ದರು. ಏನೂ ಮಾಡಬೇಕಿಲ್ಲ, ಸುಮ್ಮನಿದ್ದರೆ ಸಾಕು. ಎಂಜಿನ್ ಪೂರ್ತಿ ಓಡಿದ ಕೂಡಲೇ ಹಲಗೆ ಕಿತ್ತುಕೊಂಡು ಹೋಗುತ್ತದೆ, ಕ್ಯಾಪ್ಟನ್ ಬಾಯಿ ಬಿಟ್ಟುಕೊಂಡು ಆಕಾಶ ನೋಡುತ್ತಾನೆ. ಆ ಚಿತ್ರ ನೆನೆದು ಅವಳು ಒಬ್ಬಳೇ ನಕ್ಕಳು.

ಆಮೇಲೆ ನಗು ನಿಂತಿತು. ಬಿದ್ದರೆ ಏನೆನ್ನುತ್ತಾನೆ? ಅಂಟು ಎನ್ನುತ್ತಾನೆ! ಅಪ್ಪನದ್ದೂ ಅಂಟು, ಮಗಳದ್ದೂ ಅಂಟು, ಇಡೀ ವಂಶಕ್ಕೇ ಅಂಟು ಹಾಕಲು ಬಾರದು ಎನ್ನುತ್ತಾನೆ. ಇಲ್ಲ, ಹಾಗಾಗಬಾರದು. ಇದನ್ನು ಎಷ್ಟು ಗಟ್ಟಿ ಮಾಡಬೇಕೆಂದರೆ, ಇವನು ಇದನ್ನು ಬಂಡೆಗೆ ಗುದ್ದಿದರೂ ಅಂಟು ಬಿಡಬಾರದು. ಗುದ್ದೇ ಗುದ್ದುತ್ತಾನೆ, ಅದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಆವತ್ತು ಊರಿನವರ ಮುಂದೆ ಈ ಹಲಗೆಯನ್ನೂ ಅಪ್ಪನ ಹಲಗೆಯನ್ನೂ ಪಕ್ಕಪಕ್ಕ ಇಟ್ಟು, 'ತೋರಿಸಿ ಭಾವ, ಎಲ್ಲಿ ಬಿಟ್ಟಿದೆ ಅಂಟು?' ಎಂದು ಕೇಳಬೇಕು.

ಮೂರು ವಾರ, ಪ್ರತಿ ಸಂಜೆ, ಹಲ್ಲಿನ ಕೆಲಸ ಮುಗಿಸಿ ಅದಕ್ಕೇ ಕೂತಳು. ಹಲ್ಲು ಕೆರೆಯುವ ಚೂರಿಯಿಂದ ಕಾರ್ಖಾನೆಯ ಅಂಟನ್ನೆಲ್ಲ ಕೆರೆದು ತೆಗೆದಳು. ಮರಳುಕಾಗದದಿಂದ ಉಜ್ಜಿ, ಸ್ಪಿರಿಟ್ಟಿನಿಂದ ಒರೆಸಿದಳು. ಎರಡು ಟ್ಯೂಬಿನ ಅಂಟನ್ನು ಸರಿಸಮ ಹಿಂಡಿ ಕಲಸಿ, ದೀಪದ ಹತ್ತಿರ ಬೆಚ್ಚಗೆ ಮಾಡಿ, ಮರದೊಳಗೆ ಇಳಿಯುವಂತೆ ಬಳಿದಳು. ಒಳಮೂಲೆಗಳಿಗೆ ತ್ರಿಕೋನದ ಮರದ ಪಟ್ಟಿ ಕೊಟ್ಟಳು. ಅಂಚಿನಲ್ಲಿ ಹಲ್ಲಿನ ಡ್ರಿಲ್ಲಿನಿಂದ ಎಂಟು ತೂತು ಕೊರೆದು, ಎಂಟಕ್ಕೂ ಅಂಟಿನಲ್ಲಿ ಅದ್ದಿದ ಬಿದಿರಿನ ಕಡ್ಡಿ ಬಡಿದಳು. ಮೇಲೆ ತೆಳ್ಳನೆಯ ಗಾಜಿನ ನೂಲಿನ ಬಟ್ಟೆ ಹಾಸಿ ಮತ್ತೆ ಅಂಟು. ಚಕ್ರದ ಕಟ್ಟಿಗೂ ರೆಕ್ಕೆಯ ನಡುಗಂಟಿಗೂ ಅದೇ ಆರೈಕೆ. ಒಣಗಿದ ಮೇಲೆ ಇಡೀ ವಿಮಾನವನ್ನು ಮೂತಿಯಿಂದ ನೇತುಹಾಕಿ, ಬಾಲಕ್ಕೆ ಐದು ಕಿಲೋ ಪ್ಲಾಸ್ಟರಿನ ಚೀಲ ಕಟ್ಟಿ, ಒಂದು ಲೋಟ ಚಹಾ ಕುಡಿಯುವವರೆಗೆ ಹಾಗೇ ಬಿಟ್ಟಳು. ಕಿರ್ರೆನ್ನಲಿಲ್ಲ. ಅಪ್ಪ ಇದ್ದಿದ್ದರೆ ತೊಡೆ ತಟ್ಟಿ ನಗುತ್ತಿದ್ದ.

ಕೊನೆಗೆ ಭಾವನ ರಿಮೋಟು ತರಿಸಿಕೊಂಡು, ಅದರಲ್ಲಿ ಹಳದಿಗೆ ಒಂದು, ಕೆಂಪಿಗೆ ಎರಡು ಎಂದು ನಂಬರು ಕೊಟ್ಟು ಅವನ ಕೈಗಿಟ್ಟಳು. "ಹಳದೀದು ಹಾರಿಸಿ ಆದ್ಮೇಲೆ ಎರಡಕ್ಕೆ ಬದಲಾಯಿಸ್ಬೇಕು ಭಾವ. ಮರೀಬೇಡಿ."

"ಡ್ರೈವಿಂಗ್ ಸ್ಕೂಲ್ ನಡೆಸೋನಿಗೆ ಗೇರ್ ಹಾಕೋದು ಹೇಳ್ಕೊಡ್ತೀಯಾ?" ಎಂದ ಭಾವ.

ವಾರ್ಷಿಕ ದಿನ ಬಯಲಿನ ಹಗ್ಗದಾಚೆ ನೂರಿನ್ನೂರು ಜನ ಸೇರಿದ್ದರು. ಪುಟ್ಟಿಯ ಕೈಚೀಲದಲ್ಲಿ ಅಪ್ಪನ ಹಲಗೆ ಇತ್ತು. ಕ್ಯಾಪ್ಟನ್ ಮೊದಲು ಹಳದಿಯನ್ನು ಎತ್ತಿ ಎರಡು ಸುತ್ತು ಹೊಡೆಸಿ ಇಳಿಸಿದ. ಚಪ್ಪಾಳೆ ಬಿತ್ತು. ಉಬ್ಬಿಹೋದ. ಕೆಂಪಿನ ಎಂಜಿನ್ ಶುರು ಮಾಡಿ, "ಬಾಲ ಹಿಡ್ಕೋ ಬಾ" ಎಂದು ಪುಟ್ಟಿಯನ್ನು ಕರೆದ. ಅವಳು ಹಿಂದೆ ಮಂಡಿಯೂರಿ ಬಾಲ ಹಿಡಿದಳು. ಅವನು ಜನರ ಕಡೆ ನೋಡುತ್ತಲೇ ಕಡ್ಡಿಯನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಅಲ್ಲಾಡಿಸಿದ.

ಬಲಕ್ಕೆ ತಿರುಗಿಸಿದಾಗ ಬಲ ರೆಕ್ಕೆಯ ಅಂಚಿನ ಪಟ್ಟಿ ಮೇಲೇಳಬೇಕು. ಕೆಳಗಿಳಿಯಿತು.

ಪುಟ್ಟಿಗೆ ತಿಳಿದುಹೋಯಿತು. ನಂಬರು ಬದಲಾಯಿಸಿಲ್ಲ! ಮೂರು ವಾರ ಕಾದ ಗಳಿಗೆ ಇಷ್ಟು ಸಲೀಸಾಗಿ ಕೈಗೆ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಕೈಯಲ್ಲಿ ವಿಮಾನ ನಡುಗುತ್ತಿತ್ತು. ಅದರ ಒಂದೊಂದು ಕೀಲೂ ಅವಳಿಗೆ ಗೊತ್ತಿತ್ತು. ಒಂದು ಕ್ಷಣ ಅದರ ಮೇಲೆ ಕನಿಕರ ಉಕ್ಕಿತು.

"ಭಾವ, ಒಂದ್ಸಲ ಇತ್ತ ರೆಕ್ಕೆ ನೋಡ್ಬಾರ್ದಾ?" ಎಂದು ಕೂಗಿದಳು.

"ನಿಮ್ಮಪ್ಪನ ತರ ರಾಗ ತೆಗೀಬೇಡ! ಬಿಡೇ!"

ಬಿಟ್ಟಳು.

ಕೆಂಪು ವಿಮಾನ ಓಡಿ, ಚಂದಕ್ಕೆ ಮೇಲೆದ್ದು, ಗಾಳಿಗೆ ಚೂರು ಎಡಕ್ಕೆ ವಾಲಿತು. ಭಾವ ಬಲಕ್ಕೆ ತಿರುಗಿಸಿದ, ಅದು ಇನ್ನೂ ಎಡಕ್ಕೆ ವಾಲಿತು. "ಬಲಕ್ಕೆ! ಬಲಕ್ಕೆ ಬಾ ಮುಂಡೇದೇ!" ಎಂದು ಕಿರುಚಿದ. ಅದು ಬೆನ್ನಡಿಯಾಗಿ, ಖಾಲಿ ಬಯಲಿನ ಗಟ್ಟಿ ನೆಲಕ್ಕೆ ಮೂತಿ ಗುದ್ದಿತು. ಸದ್ದು ಹಗ್ಗದ ಹತ್ತಿರ ನಿಂತವರಿಗೂ ಕೇಳಿಸಿತು.

ಪುಟ್ಟಿ ಓಡಿದಳು. ರೆಕ್ಕೆ ಚೂರುಚೂರು, ಮೈ ನಡುವೆ ಎರಡಾಗಿತ್ತು. ಮೂತಿ? ಎಂಜಿನ್ ಹಲಗೆಗೆ, ಹಲಗೆ ಮೂತಿಗೆ ಕಚ್ಚಿಕೊಂಡು ಹಾಗೇ ಕೂತಿದ್ದವು. ಅದರ ಹಿಂದಿನ ಮರ ಹರಿದಿತ್ತು, ಅಂಟು ಬಿಟ್ಟಿರಲಿಲ್ಲ. 'ನೋಡಪ್ಪಾ!' ಎಂದು ಕೂಗಬೇಕೆನಿಸಿತು ಅವಳಿಗೆ. ಮೂತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

ಎಲ್ಲರಿಗಿಂತ ಮೊದಲು ಹಿಂದೆಯೇ ಓಡಿಬಂದವಳು ಅಕ್ಕ. ಏದುಸಿರು ಬಿಡುತ್ತ ಪಕ್ಕದಲ್ಲಿ ಕುಕ್ಕರಿಸಿದಳು. "ನಿಂಗೆ ಕಾಣ್ತಾ ಇತ್ತು, ಅಲ್ವೇನೇ?"

"ಕಾಣ್ತಿತ್ತು. ಹೇಳ್ದೆ, ಕೇಳ್ಲಿಲ್ಲ. ಏನೀಗ?"

"ನೀನಾದ್ರೂ ಹೇಳಿದೆ." ಅಕ್ಕ ರೆಕ್ಕೆಯ ಒಂದು ಚೂರು ಎತ್ತಿಕೊಂಡಳು. "ಅವತ್ತು ಅಪ್ಪನ ವಿಮಾನದ ಬಾಲ ಹಿಡ್ಕೊಂಡಿದ್ದು ನಾನು ಕಣೇ. ನಂಗೂ ಕಾಣ್ತು. ಜನರ ಮುಂದೆ ಬಾಯಿ ಬಿಟ್ರೆ ಮನೇಲಿ ಇವರ ಮುಖ ನೋಡೋರು ಯಾರು ಅಂತ ಹೆದರಿ ಸುಮ್ಮನಿದ್ದೆ. ಬಿಡು ಅಂದ್ರು, ಬಿಟ್ಟೆ. ಅಪ್ಪ ಕುರ್ಚೀಲಿ ಕೂತು ನನ್ನೇ ನೋಡ್ತಾ ಇದ್ದ."

ಪುಟ್ಟಿಗೆ ಕಿಟಕಿಯ ಕಡೆ ತಿರುಗಿಸಿದ ಅಪ್ಪನ ಮುಖ ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಜನ ಸುತ್ತುವರಿದರು. ಭಾವ ಮುಖ ಕಪ್ಪಿಟ್ಟುಕೊಂಡು ಬಂದ. "ಅಂಟು..." ಎಂದು ಶುರು ಮಾಡಿದವನು ಪುಟ್ಟಿಯ ಕೈಯಲ್ಲಿದ್ದ ಮೂತಿ ನೋಡಿ ಬಾಯಿ ಮುಚ್ಚಿದ. ಪೋಸ್ಟ್‌ಮ್ಯಾನ್ ಅವನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ರಿಮೋಟನ್ನು ಹಿಡಿದು ತಿರುಗಿಸಿ ಓದಿದ. "ಒಂದು ಅಂತಿದೆಯಲ್ಲ ಕ್ಯಾಪ್ಟನ್! ಇದು ಹಳದೀದು!" ಯಾರೋ ಕಿಸಕ್ಕೆಂದರು. ಇನ್ನೊಬ್ಬ, "ಮುಂಚೆ ಕನ್ನಡಿ ನೋಡ್ಕೊಳ್ಳಿ ಸಾರ್" ಎಂದ. ನಗು ಹಗ್ಗದಾಚೆಯವರೆಗೂ ಹಬ್ಬಿತು. ಭಾವನ ಕಿವಿ ಕೆಂಪಾದವು. ಪುಟ್ಟಿ ಒಂದು ವರ್ಷದಿಂದ ಕನಸು ಕಂಡದ್ದು ಇದನ್ನೇ. ಅವಳ ಇನ್ನೊಂದು ಕೈ ಚೀಲದೊಳಗೆ ಹೋಗಿ ಅಪ್ಪನ ಹಲಗೆಯನ್ನು ಹಿಡಿಯಿತು.

"ಹಾಗಾದ್ರೆ ನಿಮ್ಮ ಮಾವನವರ ವಿಮಾನವೂ ಹೀಗೇ ಬಿದ್ದಿದ್ದಾ?" ಎಂದು ಪೋಸ್ಟ್‌ಮ್ಯಾನ್ ಎಲ್ಲರಿಗೂ ಕೇಳಿಸುವಂತೆ ಕೇಳಿದ. "ಅಂಟಲ್ಲ ಅಂತಾಯ್ತು. ಅವತ್ತು ಬಾಲ ಹಿಡಿದಿದ್ದು ಯಾರು? ಅವರಿಗೆ ಕಾಣ್ಲೇಬೇಕಿತ್ತಲ್ಲ?"

ಭಾವನ ಕಣ್ಣು ಮಿಂಚಿತು. ಮುಳುಗುವವನಿಗೆ ಹಗ್ಗ ಸಿಕ್ಕಿತ್ತು. "ಅದನ್ನ ಕೇಳಿ ಮತ್ತೆ! ಅವತ್ತು ಹಿಡಿದಿದ್ದು..." ಎಂದು ಅವನ ಬೆರಳು ಮೇಲೆದ್ದಿತು. ಅಕ್ಕ ಮುರಿದ ರೆಕ್ಕೆಯ ಚೂರುಗಳನ್ನು ಮಡಿಲಿಗೆ ಆಯ್ದುಕೊಳ್ಳುತ್ತಿದ್ದವಳು ಕೈ ನಿಲ್ಲಿಸಿದಳು.

"ಅದು ಬೇರೆ, ಇದು ಬೇರೆ" ಎಂದಳು ಪುಟ್ಟಿ, ಗಂಟಲು ಕಿತ್ತುಬರುವಂತೆ. ಬೆರಳು ಅರ್ಧದಲ್ಲೇ ನಿಂತಿತು. "ಇವತ್ತಿಂದು ಕ್ಯಾಪ್ಟನ್ ತಪ್ಪು, ಎಲ್ಲರೂ ನೋಡಿದ್ದೀರಿ. ಅವತ್ತಿಂದು..." ಚೀಲದೊಳಗೆ ಅವಳ ಬೆರಳುಗಳು ಹಲಗೆಯ ಅಂಟಿನ ಗೆರೆಯನ್ನು ಸವರಿದವು. ಗಟ್ಟಿಯಾಗಿ, ಒಂದು ಕೂದಲೂ ತೂರದಂತೆ ಇತ್ತು.

"ಅವತ್ತಿಂದು ಅಂಟೇ ಇರ್ಬೇಕು" ಎಂದಳು. ಚೀಲದಿಂದ ಬರಿಗೈ ತೆಗೆದು, ಅಕ್ಕನ ಜೊತೆ ಕೂತು ಚೂರುಗಳನ್ನು ಆಯತೊಡಗಿದಳು.