ಓದದೆ ಮಡಚಿದ ಸಾಲು

ಎರಡನೆಯ ರೊಟ್ಟಿಯನ್ನು ಹಂಚಿಗೆ ಹಾಕಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಪಾರ್ವತವ್ವ ಕಾಗದ ಹಿಡಿದು ಬಾಗಿಲಿಗೆ ಬಂದಳು.

"ಪುಣೇದಿಂದ ಬಂದೈತಿ ತಂಗಿ. ಲಗೂ ಓದು, ಮಧು ಬಸ್ಸಿಗೆ ಹೊಂಟಾನ."

ಅವಳ ಹಿರಿಯ ಮಗ ಶಿವಪುತ್ರಪ್ಪ ಪುಣೆಯ ಮಿಲಿಟರಿ ಆಸ್ಪತ್ರೆಯಲ್ಲಿದ್ದ. ಹೋದ ಸೆಪ್ಟೆಂಬರಿನಲ್ಲಿ, ಅರವತ್ತೈದರ ಪಾಕಿಸ್ತಾನದ ಯುದ್ಧದಲ್ಲಿ, ಅವನ ಬಲಗಾಲು ಹೋಗಿತ್ತು. ಕಿರಿಯವನು ಮಧುಕೇಶ್ವರ ಸೈನ್ಯದ ಭರ್ತಿಗೆಂದು ಆ ದಿನವೇ ಬೆಳಗಾವಿಗೆ ಹೊರಟಿದ್ದ. ದಸರೆಯ ಸಭೆಯಲ್ಲಿ ಅವನ ಹಣೆಗೆ ಕುಂಕುಮ ಹಚ್ಚಿ "ಅಣ್ಣನ ಸೇಡು ತೀರಿಸು" ಎಂದವಳು ನಾನು. ಜನ ಚಪ್ಪಾಳೆ ತಟ್ಟಿದ್ದರು. ನನಗೆ ಗಂಡುಮಕ್ಕಳಿಲ್ಲ, ಹೇಳುವುದು ಸುಲಭವಿತ್ತು.

ಬನವಾಸಿಯ ನಮ್ಮ ಓಣಿಯ ಹೆಂಗಸರಲ್ಲಿ ಓದು ಬಲ್ಲವಳು ನಾನೊಬ್ಬಳೇ. ಯಾರ ಕಾಗದ ಬಂದರೂ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಓದಬೇಕು. ಹಿಟ್ಟಿನ ಕೈ ಒರೆಸಿಕೊಂಡು ಕೂತೆ. ಮೂರನೆಯ ಇಯತ್ತೆಯ ಮಗಳು ಜಯಾ ನನ್ನ ಹೆಗಲಿಗೆ ಗಲ್ಲವೂರಿದಳು.

ಮಧುವನ್ನು ಕಳಿಸಿಕೊಡಲು ಹಾರ ಹಿಡಿದು ಬಂದಿದ್ದ ಅಂಗಡಿ ಅಂದಾನಪ್ಪ ಎದುರಿಗೇ ನಿಂತಿದ್ದ. "ಓದ್ರಿ ಅಕ್ಕಾರ. ಎಷ್ಟ್ ಮಂದೀನ ಮಣ್ಣಿಗೆ ಹಾಕ್ಯಾನಂತ?"

"ಕಾಕಾ, ಮೊದಲ ನನ್ನ ತೂಕ ಸರಿ ಬೀಳ್ಲಿ," ಎಂದ ಮಧು. "ಅದಕ್ಕಂತ ಡಜನ್ ಬಾಳೆಹಣ್ಣು ತಿಂದೀನಿ. ಹೊಟ್ಟಿ ಒಡದ್ರ ನೀನ ಹೊಲಿಸಬೇಕು."

ಎಲ್ಲರೂ ನಕ್ಕರು. ನಾನು ಓದತೊಡಗಿದೆ. ಗಾಯ ಮಾಗಿದೆ, ಮರದ ಕಾಲು ಕೊಡುತ್ತಾರಂತೆ. ಅಲ್ಲಿಂದ ಮುಂದಕ್ಕೆ ನನ್ನ ಕಣ್ಣು ಓಡಿತು, ಬಾಯಿ ನಿಂತಿತು.

"ಗಡಿಯಾಚೆ ನಾವು ಹಿಡಿದ ಊರಿನಲ್ಲಿ ಒಂದು ಮನೆ ಹೊಕ್ಕೆವು. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು, ಮನೆಯವರು ಓಡಿಹೋಗಿದ್ದರು. ಹಸಿದಿದ್ದೆವು, ಉಂಡೆವು. ಆ ಊರಿಗಾಗಿ ನನ್ನ ಕಾಲು ಹೋಯಿತು. ಈಗ ದೊಡ್ಡವರು ಕೂತು ಮಾತಾಡಿ ಊರನ್ನು ಅವರಿಗೇ ಬಿಟ್ಟುಕೊಡುತ್ತಾರಂತೆ. ಕೊಡಲಿ, ಮನೆಯವರು ಬಂದು ಉಣ್ಣಲಿ. ಆ ಮಾತನ್ನು ಮೊದಲೇ ಆಡಬಹುದಿತ್ತು. ಅವ್ವಾ, ಮಧುನನ್ನು ಕಳಿಸಬೇಡ. ಕೈ ಹಿಡಿದು ನಿಲ್ಲಿಸು."

"ಯಾಕ್ರಿ, ಮುಂದ?" ಎಂದ ಅಂದಾನಪ್ಪ.

ಶಿವಪುತ್ರಪ್ಪನನ್ನು ಹೇಡಿ ಎಂದಾರು ಎಂದು ಹೆದರಿದೆ ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಕುಂಕುಮ ಹಚ್ಚಿದವಳು ಅದನ್ನು ಎಲ್ಲರೆದುರು ಒರೆಸಬೇಕಾಗಿತ್ತು, ಅದಕ್ಕೆ ಹೆದರಿದೆ.

"ಊಟ ಚಲೋ ಐತಂತ. ಎಲ್ಲಾರಿಗೂ ಶರಣು ಹೇಳ್ಯಾನ," ಎಂದು ಕಾಗದ ಮಡಚಿದೆ.

"ಇಷ್ಟ ಏನು?" ಎಂದಳು ಪಾರ್ವತವ್ವ. "ಹಾಳಿ ತುಂಬ ಬರದಂಗ ಕಾಣತೈತಿ."

"ದೊಡ್ಡ ದೊಡ್ಡ ಅಕ್ಷರ, ಅಕ್ಕಾ."

ಅವಳು ನಂಬಿದಳು. ಮಧು ತಾಯಿಯ ಕಾಲು ಮುಟ್ಟಿ, ನನ್ನ ಕಾಲಿಗೂ ಬಾಗಿದ. ತಲೆಯ ಮೇಲೆ ಕೈಯಿಟ್ಟೆ. ಅವನು ಟ್ರಂಕು ಎತ್ತಿಕೊಂಡ. ಓಣಿಯ ತುದಿಯಲ್ಲಿ ಸಿರ್ಸಿಯ ಬಸ್ಸು ಹಾರ್ನ್ ಹಾಕಿತು.

ಜಯಾ ಕಿವಿಯಲ್ಲಿ ಪಿಸುಗುಟ್ಟಿದಳು, "ಅವ್ವಾ, ಇನ್ನೂ ಐತಲ್ಲ."

"ಸುಮ್ಮನಿರು," ಎಂದು ಅವಳ ಕೈ ಅದುಮಿದೆ. ಒಲೆಯ ಮುಂದೆ ಕೂರಿಸಿಕೊಂಡು ಬೂದಿಯಲ್ಲಿ ಅಕ್ಷರ ತಿದ್ದಿಸಿದ ಕೈ ಅದು. ಓದಿದ್ದಕ್ಕೆ ನಾನು ಅವಳನ್ನು ಎಂದೂ ಗದರಿರಲಿಲ್ಲ.

ಅವಳು ನನ್ನ ಮುಖವನ್ನೇ ನೋಡಿದಳು. ಮೆಲ್ಲಗೆ ಕೈ ಬಿಡಿಸಿಕೊಂಡಳು. ಮೆಟ್ಟಿಲಿಳಿಯುತ್ತಿದ್ದ ಮಧುವಿಗೂ ಕೇಳುವಂತೆ ಗಟ್ಟಿಯಾಗಿ ಕೇಳಿದಳು:

"ಅವ್ವಾ, ಮಧು ಮಾಮಾನ್ನ ಕಳಿಸಬ್ಯಾಡ ಅಂತ ಅದರಾಗ ಬರದೈತಲ್ಲ, ನೀ ಯಾಕ ಓದಲಿಲ್ಲ?"